ಅವ್ವನ ಕುಂಕುಮದ ಬಟ್ಟಲು

ಕುಂಕುಮದ ಬಟ್ಟಲು ಹಿಡಿದ ಅವ್ವನ ಕೈ ಬಾಗಿಲಲ್ಲೇ ನಿಂತುಬಿಟ್ಟಿತು. ಧಾರವಾಡದಿಂದ ಘಾಟ್ಕೋಪರಿನ ನಮ್ಮ ಮನೆಗೆ ಬಂದಿರುವ ಅವಳಿಗೆ ಮೇಲಿನ ಮಹಡಿಯ ಕಿರಣ್ ಮಧ್ಯಾಹ್ನದ ಹೊತ್ತು ಹಿಂದಿ ಹೇಳಿಕೊಡುತ್ತಾರೆ. ಹೆಣ್ಣುಮಕ್ಕಳನ್ನು ಕುಂಕುಮ ಕೊಡದೆ ಕಳಿಸುವವಳಲ್ಲ ಅವ್ವ. ಉದ್ದ ಕೂದಲಿನ ಕಿರಣ್ ಒಂದು ವಾರ ಸುಮ್ಮನೆ ಹಚ್ಚಿಕೊಂಡಿದ್ದರು. ಅಂದು ಅವರು ಎಂದಿನಂತೆ "ಹಮ್ ಚಲ್ತೇ ಹೈಂ", ಅಂದರೆ ನಾವು ಹೊರಟೆವು, ಎಂದು ಎದ್ದಾಗ, ಒಬ್ಬರೇ ಇದ್ದು 'ಹಮ್' ಅನ್ನುವುದೇಕೆ ಎಂದು ಅವ್ವ ನನ್ನಿಂದ ಕೇಳಿಸಿದಳು.

ಕಿರಣ್ ಬಟ್ಟಲನ್ನೇ ನೋಡುತ್ತ ಮೆಲ್ಲಗೆ ಹೇಳಿದರು. ಹಿಂದಿಯಲ್ಲಿ ನಾನು ಅನ್ನಲು 'ಮೈಂ' ಎಂದರೆ ಮುಂದಿನ ಕ್ರಿಯಾಪದ ಗಂಡೋ ಹೆಣ್ಣೋ ಎಂದು ಹೇಳಿಬಿಡುತ್ತದೆ. ತಾನು ಎರಡೂ ಅಲ್ಲ. 'ಹಮ್' ಎಂದು ಯಾರು ಬೇಕಾದರೂ 'ಚಲ್ತೇ' ಅನ್ನಬಹುದು, ಆ ಗೋಜಿಲ್ಲ.

ಅದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಮೆಟ್ಟಿಲ ಕಿಟಕಿಯ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ದೂರದ ಲೋಕಲ್ ರೈಲಿನ ಸದ್ದು ಕರಗಿ ಹೋಯಿತು.

"ಹಚ್ಕೋತೀಯೋ ಬಿಡ್ತೀಯೋ, ಅದು ನಿನ್ನ ಖುಷಿ," ಎಂದಳು ಅವ್ವ. "ಆದ್ರ ಹೊಸ್ತಿಲದಾಗ ನಿಂತು ಹೋಗ್ತೇನಿ ಅನಬ್ಯಾಡ. ಹೋಗಿ ಬರ್ತೇನಿ ಅನ್ನು."

ನಾನು ಅರ್ಥ ಹೇಳಿದೆ. ಕಿರಣ್ ತಡವರಿಸುತ್ತ ಆ ಎರಡು ಪದ ಹೇಳಿದರು. ಅದರಲ್ಲಿ ಗಂಡು-ಹೆಣ್ಣಿನ ಗುರುತೇ ಇಲ್ಲವೆಂದು ನನಗೆ ಹೊಳೆದದ್ದು ಆಗಲೇ.

ಈಗ ಅವ್ವ ಬಟ್ಟಲನ್ನು ಬಾಗಿಲ ಪಕ್ಕದ ಗೂಡಿನಲ್ಲಿ ತೆರೆದಿಟ್ಟಿರುತ್ತಾಳೆ. ಕಿರಣ್ ಒಂದೊಂದು ದಿನ ಹಚ್ಚಿಕೊಳ್ಳುತ್ತಾರೆ, ಒಂದೊಂದು ದಿನ ಇಲ್ಲ. "ಹೋಗಿ ಬರ್ತೇನಿ" ಮಾತ್ರ ಒಂದು ದಿನವೂ ತಪ್ಪಿಲ್ಲ.