ತಮ್ಮನ ಕೈಗುರುತು

ನಾನಿನ್ನೂ ಚಿಕ್ಕವಳು ಮಕ್ಕಳೇ, ಒಂಬತ್ತು ತುಂಬಿರಲಿಲ್ಲ. ಆಗ ನಾವು ಹೆಗ್ಗದ್ದೆ ಹತ್ತಿರ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿದ್ದೆವು. ಲೈನ್ ಅಂದರೆ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಮನೆಗಳು. ಒಂದು ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆರು ಮನೆಯವರು ಸೀನಬೇಕು, ಹಾಗಿತ್ತು. ನಮ್ಮ ಮನೆಯಲ್ಲಿ ಅಪ್ಪ, ಅಜ್ಜಿ, ಹದಿಮೂರು ವರ್ಷದ ಅಕ್ಕ, ನಾನು, ಎರಡೂವರೆ ವರ್ಷದ ತಮ್ಮ. ಅಮ್ಮ ಇರಲಿಲ್ಲ. ಎದೆಯ ಕಾಯಿಲೆ ಎಂದು ಹಾಸನದ ಆಸ್ಪತ್ರೆಗೆ ಸೇರಿಸಿ ನಾಲ್ಕು ತಿಂಗಳಾಗಿತ್ತು. ಅಂಟುವ ಕಾಯಿಲೆ, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ.

ಹದಿನೈದು ದಿನಕ್ಕೊಂದು ಭಾನುವಾರ ಅಪ್ಪ ಮೊದಲ ಬಸ್ಸಿಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರುತ್ತಿದ್ದ. ಬಂದವನಿಗೆ ಊಟ ಸೇರುತ್ತಿರಲಿಲ್ಲ. "ಅಮ್ಮ ಏನಂದ್ಲಪ್ಪಾ?" ಎಂದರೆ, "ಕೂಸು ಎಷ್ಟು ದೊಡ್ಡದಾಗೈತೆ ಅಂತ ಕೇಳ್ತಾಳೆ. ಏನಂತ ಹೇಳ್ಲಿ ನಾನು?" ಎನ್ನುತ್ತಿದ್ದ. ಫೋಟೋ ತೆಗೆಸಲು ಸಕಲೇಶಪುರದ ಸ್ಟುಡಿಯೋಕ್ಕೇ ಹೋಗಬೇಕು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ರಜ ಕೊಡುವವರು ಯಾರು? ಇತ್ತ ತಮ್ಮ ಅಮ್ಮನನ್ನು ಮರೆಯುತ್ತಿದ್ದ. ಅಕ್ಕನನ್ನೇ "ಅಮ್ಮಾ" ಎಂದು ಕರೆಯಲು ಶುರು ಮಾಡಿದ್ದ. ಅದನ್ನು ಕೇಳಿದಾಗಲೆಲ್ಲ ಅಕ್ಕ ಪಾಪ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ತಮ್ಮನನ್ನು ನೋಡಿಕೊಳ್ಳಲೆಂದು ಅಕ್ಕ ಶಾಲೆ ಬಿಟ್ಟಿದ್ದಳು. ಶಾಲೆಯಿಂದ ಬಂದ ಮೇಲೆ ನಾನೂ ಸೇರಿಕೊಳ್ಳುತ್ತಿದ್ದೆ. ಅವನೋ, ಒಂದು ಕಡೆ ಕೂರುವ ಪ್ರಾಣಿಯೇ ಅಲ್ಲ! ಅದಕ್ಕೇ ಅವನ ಕೈಗೆ ಏನಾದರೊಂದು ಕೆಲಸ ಕೊಡುತ್ತಿದ್ದೆವು. ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಗಿರಗಿಟ್ಲೆ ಮಾಡುವುದು, ಜೇಡಿಮಣ್ಣಲ್ಲಿ ಹಸು ಮಾಡುವುದು. ಅವನ ಹಸುವಿಗೆ ಒಂದೊಂದು ಸಲ ಆರು ಕಾಲು. ಬೆಂಡೆಕಾಯಿಯ ತುದಿ ಕತ್ತರಿಸಿ, ಬಸಳೆ ಹಣ್ಣಿನ ರಸದಲ್ಲಿ ಅದ್ದಿ ಗೋಡೆಗೆ ಒತ್ತಿದರೆ ನೇರಳೆ ಬಣ್ಣದ ಹೂವು. ಅದೆಂದರೆ ಅವನಿಗೆ ಪ್ರಾಣ. ಗೋಡೆ, ಹೊಟ್ಟೆ, ಚಡ್ಡಿ ಎಲ್ಲ ನೇರಳೆ.

ಒಂದು ಶನಿವಾರ ಮಧ್ಯಾಹ್ನ ಹಾಗೆ ಆಡುವಾಗ ಅವನ ಅಂಗೈ ಗೋಡೆಯ ಮೇಲೆ ಮೂಡಿತು. ಅಕ್ಕ ಅದನ್ನೇ ನೋಡುತ್ತಾ ನಿಂತು, "ಲೇ, ಇದ್ನ ಹಾಳೆ ಮ್ಯಾಲೆ ಮೂಡ್ಸಿ ನಾಳೆ ಅಪ್ಪನ ಕೈಲಿ ಕಳ್ಸಾನ ಕಣೆ. ಕೈ ನೋಡಿದ್ರೆ ಅಮ್ಮಂಗೆ ಗೊತ್ತಾಗ್ತದೆ ಎಷ್ಟು ದೊಡ್ಡೋನಾಗವ್ನೆ ಅಂತ," ಅಂದಳು. ನನಗಂತೂ ಕುಣಿಯುವಷ್ಟು ಖುಷಿ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿ ತಿರುಗಿಸಿದೆವು. ಬಸಳೆ ಹಣ್ಣು ಮುಗಿದಿತ್ತು. ಇದ್ದಿಲು ಅರೆದು ಅವನ ಕೈಗೆ ಹಚ್ಚಲು ಹೋದೆವು. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ಥೂ ನಿಮ್ಮ! ಕಾಯ್ಲೆ ಬಿದ್ದಿರೋಳಿಗೆ ಕೂಸಿನ ಕೈನ ಕರ್ರಗೆ ಮಾಡಿ ಕಳಿಸ್ತೀರೇನ್ರೇ? ಆರತಿ ನೀರಿನಂಗೆ ಕೆಂಪಗೆ ಮಾಡ್ರಿ, ಒಳ್ಳೇದಾಗ್ಲಿ."

ಆರತಿ ನೀರು ನಿಮಗೂ ಗೊತ್ತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ತಟ್ಟೆ ತುಂಬ ನೀರಿಗೆ ಕಡಲೆಕಾಳಿನಷ್ಟು ಸುಣ್ಣ ಸಾಕು. ಆದರೆ ನಮಗೆ ಬೇಕಿದ್ದದ್ದು ನೀರಲ್ಲ, ಗಟ್ಟಿ ಬಣ್ಣ. ಅಜ್ಜಿಯ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತಂದೆ. ಅಕ್ಕ ಚೂರು ಹಾಕಿ, "ಸಾಕು, ಇನ್ನು ಮುಟ್ಬೇಡ," ಎಂದು ಹೇಳಿ, ಕೈ ತೊಳೆಸಲು ನೀರು ತರುತ್ತೇನೆಂದು ನಲ್ಲಿಗೆ ಹೋದಳು. ನನಗೆ ಆ ಕೆಂಪು ಸಾಲಲಿಲ್ಲ. ಅಮ್ಮನಿಗೆ ಹೋಗುವುದು ಮಾಸಲಾಗಿರಬಾರದು ಅನ್ನಿಸಿತು. ಡಬ್ಬಿಯಲ್ಲಿದ್ದ ಸುಣ್ಣವನ್ನೆಲ್ಲ ಬಳಿದು ಹಾಕಿದೆ. ಅಬ್ಬಾ, ಏನು ಕೆಂಪು! ಅವನ ಬಲಗೈಗೆ ಹಚ್ಚಿ ಹಾಳೆಗೆ ಒತ್ತಿದೆ. ಐದು ಬೆರಳೂ ಚೆಂದವಾಗಿ ಬಂದವು. ನಾನು ಹಾಳೆ ಎತ್ತಿ ಬಿಸಿಲಿಗೆ ಹಿಡಿದು ನೋಡಿದೆ. ಅಷ್ಟೇ ಹೊತ್ತು. ನಿದ್ದೆ ಹತ್ತುತ್ತಿದ್ದ ಮಗು, ಅದೇ ಕೈಯಲ್ಲಿ ಎಡಗಣ್ಣು ಉಜ್ಜಿಕೊಂಡ.

ಆ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಕ್ಕ ಕೊಡ ಹೊತ್ತೇ ಓಡಿ ಬಂದಳು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿ, ಹರಳೆಣ್ಣೆ ಬಿಟ್ಟಳು. ಕಣ್ಣಿಗೆ ಏನೇ ಬಿದ್ದರೂ ಹರಳೆಣ್ಣೆ, ನಮಗೆ ಗೊತ್ತಿದ್ದ ಮದ್ದು ಅದೊಂದೇ. ಕೊಡದ ತುಂಬ ನೀರು ಅಲ್ಲೇ ಇತ್ತು, ಯಾರಿಗೂ ಹೊಳೆಯಲಿಲ್ಲ. ತೋಟದಿಂದ ಅಪ್ಪನನ್ನು ಕರೆಸಿ, ಎಸ್ಟೇಟಿನ ಜೀಪು ಸಿಕ್ಕಿ, ಸಕಲೇಶಪುರ ಮುಟ್ಟುವಷ್ಟರಲ್ಲಿ ಕಣ್ಣು ಊದಿ ಮುಚ್ಚಿಕೊಂಡಿತ್ತು. "ಆಗ್ಲೇ ನೀರು ಹುಯ್ದು ಹುಯ್ದು ತೊಳೀಬೇಕಿತ್ತು ಕಣಮ್ಮ," ಅಂದರು ಡಾಕ್ಟರು ಅಜ್ಜಿಗೆ. ಮುಂದೆ ಪಟ್ಟಿ ಬಿಚ್ಚಿದಾಗ ಕಣ್ಣುಗುಡ್ಡೆಯ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ಆ ಕಣ್ಣಿಗೆ ಬೆಳಕು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ.

ಅವತ್ತೇ ಸಂಜೆ ಆಸ್ಪತ್ರೆಯಿಂದ ಬಂದ ಅಪ್ಪ, "ಅಷ್ಟೊಂದು ಸುಣ್ಣ ಸುರ್ದೋರು ಯಾರು?" ಎಂದು ಕೇಳಿದ. ನನ್ನ ನಾಲಿಗೆ ಏಳಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ, "ನಾನೇ ಅಪ್ಪ," ಅಂದಳು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಎಷ್ಟೋ ದಿನ ಅವಳ ಜೊತೆ ಮಾತೇ ಆಡಲಿಲ್ಲ. ಅವಳು ಬಡಿಸಿದರೆ ತಲೆ ಬಗ್ಗಿಸಿ ಉಂಡು ಏಳುತ್ತಿದ್ದ. ನಾನು ಪಕ್ಕದಲ್ಲೇ ಕೂತು ಮುದ್ದೆ ನುಂಗುತ್ತಿದ್ದೆ.

ಮರುದಿನ ಭಾನುವಾರ ಅಪ್ಪ ಹಾಳೆ ಒಯ್ದ. ಹೋಗದಿದ್ದರೆ ಅಮ್ಮ ಹೆದರುತ್ತಾಳಲ್ಲ. ಕಣ್ಣಿನ ಸುದ್ದಿ ಎತ್ತಲಿಲ್ಲ. ಅಮ್ಮ ಆ ಗುರುತಿನ ಮೇಲೆ ತನ್ನ ಕೈ ಇಟ್ಟು, ನಗುತ್ತಾ ಅತ್ತಳಂತೆ. ದಿಂಬಿನ ಕೆಳಗೆ ಇಟ್ಟುಕೊಂಡಳಂತೆ.

ಮೂರು ತಿಂಗಳ ಮೇಲೆ ಗುಣವಾಗಿ ಮನೆಗೆ ಬಂದಳು. ತಮ್ಮ ಗುರುತು ಹಿಡಿಯದೆ ಅಕ್ಕನ ಲಂಗದ ಹಿಂದೆ ಅಡಗಿದ. ಅಮ್ಮ ಎಳೆದು ಎತ್ತಿಕೊಂಡಳು. ಆಗ ಕಣ್ಣು ಕಂಡಿತು. ಹೊಸ್ತಿಲಲ್ಲೇ ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಅಪ್ಪ ಎಲ್ಲ ಹೇಳಿದ. ಕೇಳಿದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ನಂಗೆ ಕಳ್ಸಿದ್ದು ಅವತ್ತಿನ ಕೈಯಾ?" ಚೀಲದಿಂದ ಹಾಳೆ ತೆಗೆದು ಹಂಡೆ ಒಲೆಗೆ ಹಾಕಿದಳು.

ಈಗ ನಿಮ್ಮ ಬಣ್ಣದ ಡಬ್ಬಿಯ ಮೇಲೆ ಎಷ್ಟು ವರ್ಷದ ಮಕ್ಕಳಿಗೆ ಎಂದು ಬರೆದಿರುತ್ತದೆ. ನೀರು ಹಾಕಿದರೆ ಹೋಗುತ್ತದೆ. ಆದರೂ ನಾನು ಮೊದಲು ನನ್ನ ಕೈಗೆ ಹಚ್ಚಿ ನೋಡುತ್ತೇನೆ, ಪಕ್ಕದಲ್ಲಿ ಚೆಂಬು ತುಂಬ ನೀರಿಟ್ಟು ಕೂರುತ್ತೇನೆ. "ಅಜ್ಜಿ ಪುಕ್ಕಲಿ" ಎಂದು ನಗುತ್ತೀರಿ. ನಗಿ, ನಗಿ. ಹಾಲು ಚೆಲ್ಲಿದರೆ "ನಾನೇ ಅಜ್ಜಿ ಚೆಲ್ಲಿದ್ದು" ಎಂದು ನೀವೇ ಓಡಿ ಬಂದು ಹೇಳುತ್ತೀರಲ್ಲ, ಅದನ್ನು ಕೇಳಿ ನನಗೆ ನಾಚಿಕೆಯಾಗುತ್ತದೆ. ಅಪ್ಪ ಸಾಯುವವರೆಗೂ ಅಕ್ಕನೇ ಸುರಿದದ್ದು ಎಂದುಕೊಂಡಿದ್ದ. ತಮ್ಮ ಇವತ್ತಿಗೂ ಹಾಗೇ ಅಂದುಕೊಂಡಿದ್ದಾನೆ, ಅಕ್ಕನನ್ನು ರೇಗಿಸುತ್ತಾನೆ ಕೂಡ. ಅವಳು ನಕ್ಕು ಸುಮ್ಮನಾಗುತ್ತಾಳೆ.

ನಾಳೆ ಅವನು ಬರುತ್ತಾನೆ. ನಿಮ್ಮ ಜೊತೆ ಬಣ್ಣ ಆಡಲು ಕೂರುತ್ತಾನೆ, ನೋಡುತ್ತಿರಿ. ಅವನ ಬಲಗಡೆ ಕೂತುಕೊಳ್ಳಿ ಮಕ್ಕಳೇ, ಆ ಕಡೆಯವರು ಅವನಿಗೆ ಕಾಣುತ್ತಾರೆ. ಎಡಗಡೆ ನಾನು ಕೂರುತ್ತೇನೆ. ಅವನಿಗೆ ಹೇಳುವುದಿದೆ.