ಪಿಸುಮಾತಿಗೊಂದು ಜನರೇಟರು

ಸದ್ದು ಮಾಡದ ಜನರೇಟರನ್ನು ಹುಡುಕಿಕೊಂಡು ಮೂರು ಊರು ಸುತ್ತಿದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸದ್ದು ಮಾಡುವವಳು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಮನಗರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಗೋಡೆಯ ಆಚೆ ಗಣಿತದ ಮೇಷ್ಟರ ತರಗತಿ. ಒಂದು ವರ್ಷ ಅವರ ಮಕ್ಕಳೆಲ್ಲ ಲೆಕ್ಕದ ನಡುವೆಯೇ ಲೋಪಸಂಧಿ, ಆಗಮಸಂಧಿ ಕಲಿತುಬಿಟ್ಟರು. ಮೇಷ್ಟರು ಬಂದು, ನಿಮ್ಮ ಋಣ ಹೇಗೆ ತೀರಿಸಲಿ ತಾಯಿ, ಒಸಿ ಮೆಲ್ಲಗೆ ಪಾಠ ಮಾಡಿದರೆ ಸಾಕು ಎಂದು ಕೈಮುಗಿದಿದ್ದರು. ಅಂಥವಳು ಜನರೇಟರ್ ಅಂಗಡಿಯ ಮುಂದೆ ನಿಂತು "ಇದು ಬಹಳ ಗದ್ದಲ ಮಾಡುತ್ತದೆ" ಎಂದು ಮೂಗು ಮುರಿಯುವುದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ.

ಇದಕ್ಕೆಲ್ಲ ಕಾರಣ ನಮ್ಮ ಯಜಮಾನರು ಮನೆಗೆ ತಂದ ಇನ್ನೊಂದು ಮನೆ. ಅವರದು ಊರಾಚೆ ವೆಲ್ಡಿಂಗ್ ಶೆಡ್ಡು. ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟುವ ಕೆಲಸ. ಬೆಂಗಳೂರು–ಮೈಸೂರು ರಸ್ತೆ ಅಗಲವಾಗಿ, ಬಿಡದಿಯ ಕಡೆ ಹೊಲಗಳಲ್ಲಿ ಒಂದೊಂದೇ ಕಾರ್ಖಾನೆಯ ತಗಡಿನ ಚಾವಣಿ ಹೊಳೆಯತೊಡಗಿದ ಕಾಲ. ರಸ್ತೆ ಅಳೆಯುವವರು ಆಫೀಸು ಮಾಡಿಕೊಂಡಿದ್ದ ಎರಡು ಚಕ್ರದ ಕಬ್ಬಿಣದ ಕೋಣೆಯೊಂದು ಕೆಲಸ ಮುಗಿದ ಮೇಲೆ ಗುಜರಿಗೆ ಬಂತು. ಇವರು ಅದನ್ನು ಎಳೆದು ತಂದು, ಒಳಗಿನ ಮೇಜು ಕಿತ್ತು, ಎರಡು ಬೆಂಚು ಹಾಕಿ, ಕಿಟಕಿಗೆ ಸೊಳ್ಳೆ ಪರದೆ ಹೊಡೆದು, ಮಾವಿನ ಚಿಗುರಿನ ಬಣ್ಣ ಬಳಿದರು. ನಮ್ಮ ಹಳೆಯ ಜೀಪಿನ ಹಿಂದೆ ಕಟ್ಟಿದರೆ ಎಲ್ಲಿ ಬೇಕೆಂದರಲ್ಲಿ ಬಿಡಾರ ಹೂಡಬಹುದು. ಬೀದಿಯ ಮಕ್ಕಳು ಮಾತ್ರ ಅದು ಐಸ್‌ಕ್ರೀಂ ಗಾಡಿ ಎಂದು ನಂಬಿ ವಾರವಿಡೀ ಸಾಲಾಗಿ ಬಂದು ನಿಂತರು.

ಆ ಟ್ರೈಲರನ್ನು ಕಂಡು ನಮ್ಮ ಅತ್ತೆ ಗೌರಮ್ಮನಿಗೆ ಹದಿನಾರರ ಹುರುಪು ಬಂತು. ಅವರಿಗೆ ಎಪ್ಪತ್ತು ದಾಟಿತ್ತು, ಉಬ್ಬಸ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಔಷಧಿಯನ್ನು ಆವಿ ಮಾಡಿ ಕೊಡುವ ಪುಟ್ಟ ಯಂತ್ರಕ್ಕೆ ಮುಖವಾಡ ಸಿಕ್ಕಿಸಿಕೊಂಡು ಕೂರಬೇಕು. ಯಂತ್ರಕ್ಕೆ ಕರೆಂಟು ಬೇಕು. ಹಳ್ಳಿಗಳ ಕರೆಂಟು ನೆಂಟರ ಹಾಗೆ, ಬಂದಾಗ ಬಂತು. ಹೀಗಾಗಿ ಅತ್ತೆ ವರ್ಷಗಳಿಂದ ಒಂದು ರಾತ್ರಿಯೂ ಮನೆ ಬಿಟ್ಟು ಇದ್ದವರಲ್ಲ. ಈಗ ಅವರು, ಕನಕಪುರದ ಆಚೆ ಹೊಳೆಗಳು ಕೂಡುವ ಸಂಗಮಕ್ಕೆ ಹೋಗಿ ಎರಡು ದಿನ ಇದ್ದು ಬರೋಣ, ಒಂದು ಜನರೇಟರ್ ತಗೊಂಡುಬಿಡು ಎಂದು ಮಗನಿಗೆ ಹೇಳಿದರು. ಜೀಪಿನ ಬ್ಯಾಟರಿಯಿಂದಲೇ ನಡೆಸಬಹುದಲ್ಲ ಎಂದು ನಾನು ಕೇಳಿದೆ. ದಿನಾ ಬೆಳಿಗ್ಗೆ ನಾನೇ ತಳ್ಳಿ ಸ್ಟಾರ್ಟ್ ಮಾಡಿಸುವ ಜೀಪು ಅದು ಎಂದು ಆಮೇಲೆ ನನಗೇ ನೆನಪಾಯಿತು.

ಅತ್ತೆಯದು ಒಂದೇ ಷರತ್ತು: ಅದು ಸದ್ದು ಮಾಡಕೂಡದು. ಯಾಕೆ ಎಂದರೆ, ಹೊಳೆಯ ಸದ್ದು ಕೇಳಬೇಕು ಎಂದರು. ಅದನ್ನು ಪರೀಕ್ಷಿಸುವ ವಿಧಾನವನ್ನೂ ಅವರೇ ಕಂಡುಹಿಡಿದರು. ಜನರೇಟರ್ ಓಡುತ್ತಿರುವಾಗ ಅದರ ಪಕ್ಕ ಅವರು ಕೂರುವುದು. ಹತ್ತು ಹೆಜ್ಜೆ ದೂರದಲ್ಲಿ ನಾನು ನಿಲ್ಲುವುದು. ಅವರು ಮೆಲುದನಿಯಲ್ಲಿ ಏನಾದರೂ ಹೇಳುವುದು. ಕೇಳಿದ್ದನ್ನು ನಾನು ತಿರುಗಿ ಹೇಳುವುದು. ಮಗ ತಂದ ಜನರೇಟರ್ ಕಂಪನಿಗಳ ಬಣ್ಣದ ಜಾಹೀರಾತು ಕಾಗದಗಳಲ್ಲಿ ಶಬ್ದದ ಅಳತೆಯೇನೋ ಅಚ್ಚಾಗಿತ್ತು. ಅವನ್ನು ಅವರು ತಿಂಡಿ ಡಬ್ಬಿಯ ತಳಕ್ಕೆ ಹಾಸಿದರು.

ಮೊದಲ ಪರೀಕ್ಷೆ ನಮ್ಮೂರ ಬಸ್‌ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ. ಅಂಗಡಿಯವರು ಹಗ್ಗ ಎಳೆದರು. ಯಂತ್ರ ಎದ್ದು ಕುಣಿಯಿತು. ರೇಷ್ಮೆಗೂಡು ಮಾರಲು ಬಂದಿದ್ದ ರೈತರು ಚೀಲ ಹೊತ್ತುಕೊಂಡೇ ತಿರುಗಿ ನೋಡಿದರು. ಅತ್ತೆ ಸ್ಟೂಲಿನ ಮೇಲೆ ಕೂತು ತುಟಿ ಆಡಿಸಿದರು. ಅವರು ಹೇಳಿದ್ದು "ಕೈಲಾಂಚದ ಬಸ್ಸು ಹೋಯ್ತಾ" ಎಂದು. ನನಗೆ ಕೇಳಿದ್ದು ಬರೀ "ಲಂಚ". ಅದನ್ನೇ ನಾನು ತರಗತಿಯ ದನಿಯಲ್ಲಿ ಕೂಗಿ ಹೇಳಿದೆ. ಅಂಗಡಿಯವರು ಗಾಬರಿಯಾಗಿ ಯಂತ್ರ ನಿಲ್ಲಿಸಿ, ಯಾರು ಕೇಳಿದ್ದು ತಾಯಿ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಎಂದರು. ವಿಷಯ ತಿಳಿದ ಮೇಲೆ ಅವರಿಗೆ ನಮ್ಮ ಮೇಲೆ ಕನಿಕರವೇ ಹುಟ್ಟಿತು. "ಸದ್ದು ಕಮ್ಮಿ ಇದ್ರೆ ಪವರೂ ಕಮ್ಮಿ ಕಣಮ್ಮ. ಗುಡುಗ್ದೆ ಮಳೆ ಬತ್ತದಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾವು ಎದ್ದು ಬಂದೆವು.

ಎರಡನೆಯದು ಚನ್ನಪಟ್ಟಣದಲ್ಲಿ. ಬೊಂಬೆ ಕಡೆಯುವ ಪರಿಚಯದವರೊಬ್ಬರು, ತಮ್ಮ ಜನರೇಟರ್ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ ಅಷ್ಟೆ, ಬೇಕಾದರೆ ಕೊಟ್ಟುಬಿಡುತ್ತೇನೆ ಎಂದಿದ್ದರು. ಹೋಗಿ ನೋಡಿದೆವು. ಬೆಕ್ಕು ದೊಡ್ಡದಾಗಿತ್ತು. ಅದು ಓಡಲಾರಂಭಿಸಿದ್ದೇ ತಡ, ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ತಲೆಯಾಡಿಸುವ ಅರಗಿನ ಬೊಂಬೆಗಳೆಲ್ಲ ಒಟ್ಟಿಗೆ ತಲೆ ಆಡಿಸತೊಡಗಿದವು. ಅರವತ್ತು ರಾಜ, ಅರವತ್ತು ರಾಣಿ ಹೌದು ಹೌದು ಎನ್ನುತ್ತಿರುವಾಗ ಇಲ್ಲ ಎನ್ನುವುದು ಹೇಗೆ? ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಪರೀಕ್ಷೆ ಮುಂದಕ್ಕೆ ಹೋಯಿತು. ಕೊನೆಗೂ ಅವರ ಮಾತು ನನಗೆ ಮುಟ್ಟಲಿಲ್ಲ.

ಮಾಗಡಿಯ ಶಾಮಿಯಾನದವರು ಬೇರೆಯೇ ದಾರಿ ತೋರಿಸಿದರು. ಯಾವ ಜನರೇಟರ್ ಆದರೂ ಸರಿ, ಗುಂಡಿ ತೋಡಿ ಇಳಿಸಿ, ಸುತ್ತ ಹುಲ್ಲಿನ ಪೆಂಡಿ ಒಟ್ಟಿಬಿಡಿ ಎಂದರು. ಬೆಂಕಿ ಹತ್ತಿದರೆ ಎಂದು ಇವರು ಕೇಳಿದ್ದಕ್ಕೆ, ಆಗಂತೂ ಸದ್ದು ಪೂರಾ ನಿಂತುಹೋಗುತ್ತದೆ ಎಂದು ಸಮಾಧಾನ ಹೇಳಿದರು.

ಮಾಗಡಿಯಿಂದ ಬಸ್ಸಿನಲ್ಲಿ ವಾಪಸಾಗುವಾಗ ನನಗೊಂದು ಯೋಚನೆ ಬಂತು. ಕನ್ನಡದಲ್ಲಿ ಸದ್ದಿಗೆ ಹೆಸರು ಎಷ್ಟು ಬೇಕು? ಗದ್ದಲ, ಗಲಾಟೆ, ಗಲಭೆ, ಗೌಜು, ಬೊಬ್ಬೆ, ರಂಪ, ಕಿರಿಚಾಟ, ಅರಚಾಟ. ಸದ್ದಿಲ್ಲದಿರುವುದಕ್ಕೆ ಹುಡುಕಿದರೆ ಸಂಸ್ಕೃತದ ಮನೆಗೆ ಹೋಗಿ ಮೌನವನ್ನೋ ನಿಶ್ಶಬ್ದವನ್ನೋ ಎರವಲು ತರಬೇಕು. ನಮ್ಮದೇ ಎನ್ನಬಹುದಾದದ್ದು 'ಸುಮ್ಮನೆ'. ಆದರೆ ಸುಮ್ಮನೆ ಎಂದರೆ ಮಾತಾಡದೆ ಎಂದೂ ಆಗುತ್ತದೆ, ಕಾರಣವಿಲ್ಲದೆ ಎಂದೂ ಆಗುತ್ತದೆ. ಯಾಕೆ ಬಂದೆ? ಸುಮ್ಮನೆ. ಮಾತಿಲ್ಲದಿರುವುದೂ ಕಾರಣವಿಲ್ಲದಿರುವುದೂ ನಮ್ಮ ಹಿರಿಯರಿಗೆ ಒಂದೇ ಆಗಿ ಕಂಡಿತೇ? ಇಂಥ ಘನ ವಿಚಾರವನ್ನು ಅತ್ತೆಗೆ ಹೇಳಲು ಹೊರಟರೆ ಅವರು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು.

ಸಿಕ್ಕಿದ್ದು ಕಡೆಗೆ ಬಿಡದಿಯ ಹತ್ತಿರ, ಕಾರ್ಖಾನೆಗಳಿಗೆ ಸಾಮಾನು ಒದಗಿಸುವ ಅಂಗಡಿಯಲ್ಲಿ. ಸೂಟ್‌ಕೇಸಿನಂತೆ ಹಿಡಿ ಇದ್ದ, ನಾಲ್ಕೂ ಕಡೆ ಮುಚ್ಚಿದ ಪುಟ್ಟ ಯಂತ್ರ. ಒಂದು ಕೈಯಲ್ಲಿ ಎತ್ತಬಹುದು. ಅತ್ತೆಯ ಯಂತ್ರಕ್ಕೆ, ಒಂದು ದೀಪಕ್ಕೆ, ಒಂದು ಫ್ಯಾನಿಗೆ ಸಾಕು. ಅದಕ್ಕಿಂತ ದೊಡ್ಡದು ನಮಗೆ ಬೇಕಿರಲಿಲ್ಲ. ಅದನ್ನು ಸ್ಟಾರ್ಟ್ ಮಾಡಿದಾಗ, ಮಾಡಿದ್ದಾರೋ ಇಲ್ಲವೋ ಎಂದು ನಾನು ಅಂಗಡಿಯವರ ಮುಖ ನೋಡಿದೆ. ಹತ್ತು ಹೆಜ್ಜೆ ಹಿಂದೆ ಸರಿದೆ. ಅತ್ತೆ ಬರಿಯ ಉಸಿರಿನಲ್ಲಿ ಹೇಳಿದರು:

"ಚೆನ್ನಾಗಿದ್ದೀಯೇನವ್ವ?"

ಅದು ನನಗೆ ಕೇಳಿತು. ಆ ಪ್ರಶ್ನೆ ನನಗಾಗಿ ಕೇಳಿದ್ದಲ್ಲ ಎಂಬುದೂ ಹೇಗೋ ತಿಳಿಯಿತು. ಆದರೆ ಯಾರಿಗಾಗಿ ಎಂದು ಆಗ ಹೊಳೆಯಲಿಲ್ಲ.

ಹೊರಟ ದಿನ ಆಕಾಶ ಶುಭ್ರವಾಗಿತ್ತು. ಓಡುವಾಗ ಟ್ರೈಲರಿನೊಳಗೆ ಯಾರೂ ಕೂರಬಾರದೆಂದು ಇವರ ಕಟ್ಟಪ್ಪಣೆ. ಆದ್ದರಿಂದ ಎಲ್ಲರೂ ಜೀಪಿನಲ್ಲೇ. ಕನಕಪುರ ದಾಟುವಾಗ ಸಂಗಮದ ದಾರಿ ಹಿಡಿಯಬೇಕಿತ್ತು. ಅತ್ತೆ ಮಗನ ಭುಜ ಮುಟ್ಟಿ, "ಕೋಡಿಹಳ್ಳಿ ಕಡೀಕೆ ತಿರುಗ್ಸು ಕಣಪ್ಪ" ಎಂದರು. ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ. ಕೋಡಿಹಳ್ಳಿಯ ಆಚೆಯ ಒಂದು ಊರಿನಲ್ಲಿ ಅತ್ತೆಯ ತಂಗಿ ನಂಜಮ್ಮ ಇದ್ದರು. ಅಕ್ಕತಂಗಿಯರು ಮಾತು ಬಿಟ್ಟು ಹದಿನೆಂಟು ವರ್ಷ.

ಬಿಟ್ಟದ್ದು ಒಂದು ಬಾಗಿಲಿನ ದೆಸೆಯಿಂದ. ನಂಜಮ್ಮನವರ ಗೃಹಪ್ರವೇಶದ ದಿನ ಅತ್ತೆಯ ಹಣೆ ಬಾಗಿಲ ಮೇಲಿನ ಮರಕ್ಕೆ ತಾಗಿತಂತೆ. ಬಾಗಿಲು ಗಿಡ್ಡವಾಯಿತು ಎಂದು ಅತ್ತೆ ಅಂದರಂತೆ. ತಲೆ ಬಗ್ಗಿಸಿ ಬರುವವರಿಗೆ ಸರಿಯಾಗಿದೆ ಎಂದು ತಂಗಿ ಅಂದರಂತೆ. ಅಷ್ಟೆ. ನಿನ್ನ ಹೊಸ್ತಿಲು ತುಳಿಯಲ್ಲ ಎಂದು ಅಕ್ಕ, ನಿನ್ನದನ್ನು ನಾನೂ ತುಳಿಯಲ್ಲ ಎಂದು ತಂಗಿ. ಆಮೇಲಿನ ಮದುವೆಗಳಿಗೆಲ್ಲ ಒಬ್ಬರು ಬಂದರೆ ಇನ್ನೊಬ್ಬರಿಗೆ ಕಾಲುನೋವು.

ನಂಜಮ್ಮನವರ ಮನೆ ಎದುರಿನ ಹುಣಸೆ ಮರದ ಕೆಳಗೆ ಟ್ರೈಲರ್ ನಿಂತಿತು. ಅತ್ತೆ ಇಳಿದು, ತಂಗಿಯ ಹೊಸ್ತಿಲ ಕಡೆ ಹೋಗದೆ, ಅದರ ಮೆಟ್ಟಿಲ ಮೇಲೆ ಊರಗೌಡರ ಹಾಗೆ ಕೂತರು. ಊರೆಲ್ಲ ಬಂದು ನೋಡಿತು. ನಂಜಮ್ಮ ಮಾತ್ರ ತಮ್ಮ ಜಗುಲಿಯ ಕಂಬ ಹಿಡಿದು ಅಲ್ಲೇ ನಿಂತಿದ್ದರು. ನಾನು ಹೋಗಿ ನಮಸ್ಕಾರ ಮಾಡಿ, ಬನ್ನಿ ಚಿಕ್ಕತ್ತೆ ಎಂದೆ. ನನ್ನ ತಲೆ ಸವರಿದರು, ಬರಲಿಲ್ಲ. ನಡುವೆ ನಲವತ್ತು ಹೆಜ್ಜೆ ಅಂಗಳ. ತಂಗಿ ಮೊರದಲ್ಲಿ ರಾಗಿ ಆರಿಸುವಂತೆ, ಅಕ್ಕ ಎಲೆಯಡಿಕೆ ಚೀಲ ಹುಡುಕುವಂತೆ ನಟಿಸುತ್ತ ಮಧ್ಯಾಹ್ನ ಕಳೆಯಿತು. ಅತ್ತೆಯ ಉಸಿರು ನಿಧಾನವಾಗಿ ಸಿಳ್ಳೆ ಹಾಕತೊಡಗಿತ್ತು. ಅವರ ಹಟಕ್ಕೆ ಮಣಿದು ಇಷ್ಟು ದೂರ ತಂದೆವಲ್ಲ, ಹೀಗೇ ತಿರುಗಿ ಕರೆದೊಯ್ಯಬೇಕಾದರೆ ಈ ಜೀವ ತಡೆದೀತೇ ಎಂದು ನನಗೆ ಹೆದರಿಕೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಅವರನ್ನು ಒಳಗೆ ಕೂರಿಸಿ ಮುಖವಾಡ ಕಟ್ಟಿದೆ. ಇವರು ಜನರೇಟರನ್ನು ಮರದ ಆ ಬದಿಗೆ, ಹೊಗೆ ನಮ್ಮ ಕಡೆ ಬಾರದಂತೆ, ದೂರ ಇಟ್ಟು ಸ್ಟಾರ್ಟ್ ಮಾಡಿದರು. ಅತ್ತೆಯ ಯಂತ್ರ ಓಡಿತು. ಮುಖವಾಡದ ಅಂಚಿನಿಂದ ಬೆಳ್ಳನೆಯ ಆವಿ ಎದ್ದು ಕಿಟಕಿಯಿಂದ ಹೊರಗೆ ತೇಲಿತು.

ಜಗುಲಿಯಿಂದ ನಂಜಮ್ಮ ಕಂಡದ್ದು ಇಷ್ಟೆ: ಅಕ್ಕನ ಮುಖದಿಂದ ಹೊಗೆ ಬರುತ್ತಿದೆ. ಮರುಕ್ಷಣ ಮೊರ ಕೆಳಗೆ ಬಿದ್ದ ಸದ್ದು ಕೇಳಿಸಿತು. ಆ ವಯಸ್ಸಿನ ಹೆಂಗಸು ಹಾಗೆ ಓಡುವುದನ್ನು ನಾನು ಕಂಡಿರಲಿಲ್ಲ. ಮೆಟ್ಟಿಲು ಹತ್ತಿದ್ದು, ಒಳಗೆ ನುಗ್ಗಿದ್ದು, ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದು ಯಾವುದೂ ಅವರ ಅರಿವಿಗೆ ಬಂದಂತಿರಲಿಲ್ಲ.

"ಅಕ್ಕಾ, ಏನಾಗ್ಬುಟ್ತೇ ನಿಂಗೆ?"

ಅತ್ತೆ ಮುಖವಾಡದೊಳಗಿಂದಲೇ ಏನೋ ಅಂದರು. ನನಗೂ ಕೇಳಲಿಲ್ಲ. ಔಷಧಿ ಮುಗಿಯುವವರೆಗೆ ತಂಗಿ ಅಕ್ಕನ ಎರಡೂ ಕೈ ಹಿಡಿದುಕೊಂಡು ಆ ಆವಿಯನ್ನೇ ನೋಡುತ್ತ ಕೂತಿದ್ದರು. ಮುಖವಾಡ ಬಿಚ್ಚಿದೆ. ಅತ್ತೆ ಒಂದು ದೀರ್ಘ ಉಸಿರು ತೆಗೆದು, ಬಿಡದಿಯ ಅಂಗಡಿಯಲ್ಲಿ ಕೇಳಿದ ಅದೇ ಮೆಲುದನಿಯಲ್ಲಿ, "ಚೆನ್ನಾಗಿದ್ದೀಯೇನವ್ವ?" ಎಂದರು.

"ಏನಂದೆ? ಒಸಿ ಜೋರಾಗೇಳು," ಎಂದರು ನಂಜಮ್ಮ. "ಕಿವಿ ಮಂದ ಆಗೈತೆ."

ಸದ್ದಿಲ್ಲದ ಜನರೇಟರಿನ ರಹಸ್ಯ ನನಗೆ ಆಗ ತಿಳಿಯಿತು. ತಂಗಿಯದು ಪಿಸುಮಾತಿನ ದನಿ, ಎದುರಿಗಿದ್ದರೂ ಕಿವಿಗೊಟ್ಟು ಕೇಳಬೇಕು ಎಂಬ ಹಳೆಯ ನೆನಪನ್ನು ಇಟ್ಟುಕೊಂಡು ಅತ್ತೆ ಮೂರು ಊರು ಸುತ್ತಿಸಿದ್ದರು. ಹದಿನೆಂಟು ವರ್ಷದಲ್ಲಿ ಆ ತಂಗಿಯ ಕಿವಿ ಮಂದವಾಗಿ, ಕಿವಿ ಮಂದವಾದವರಿಗೆ ಆಗುವಂತೆ ದನಿ ಏರಿ, ಈಗ ಅವರು ಮಾತಾಡಿದರೆ ಹುಣಸೆ ಮರದ ಗಿಳಿಗಳು ಹಾರುವಂತಾಗಿತ್ತು. ಅತ್ತೆಯೂ ದನಿ ಏರಿಸಿದರು. ಮದುವೆಗಳು, ಹೆರಿಗೆಗಳು, ಸತ್ತ ಎಮ್ಮೆ, ಸತ್ತ ಗಂಡಂದಿರು, ಯಾರ ಸೊಸೆ ಎಂಥವಳು, ಎಲ್ಲವೂ ಊರಿಗೆ ಕೇಳುವಂತೆ ಹೊರಬಿತ್ತು. ನನ್ನ ವಿಷಯವೂ ಬಂತು. ಹೊಗಳಿಕೆಯೇ ಹೆಚ್ಚು ಎಂದು ಹೇಳಿಕೊಳ್ಳುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ದೀಪ ಆರಿತು. ಪೆಟ್ರೋಲ್ ಮುಗಿದು ಜನರೇಟರ್ ನಿಂತಿತ್ತು. ನಿಂತದ್ದು ಯಾರಿಗೂ ಕೇಳಲಿಲ್ಲ. ಬತ್ತದ ಗಿರಣಿಯ ಎಂಜಿನ್ನು ತಂದಿಟ್ಟಿದ್ದರೂ ಕೇಳುತ್ತಿರಲಿಲ್ಲ. ಇವರು ಮರಕ್ಕೆ ಒರಗಿ ನಿಂತು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ನಂಜಮ್ಮ ಒಂದು ಬಟ್ಟೆಚೀಲ ಹಿಡಿದು ಬಂದು ಜೀಪಿನ ಮುಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಕೂತುಬಿಟ್ಟರು. ನಾಲ್ಕು ದಿನ ರಾಮನಗರದಲ್ಲಿದ್ದು ಬರುತ್ತಾರಂತೆ. ನನಗೆ ಹಿಂದೆ, ಅವರು ಹೇರಿಸಿದ ಹುರುಳಿ ಮೂಟೆಗೂ ಜನರೇಟರಿಗೂ ನಡುವೆ ಜಾಗ ಸಿಕ್ಕಿತು.

ದಾರಿಯುದ್ದಕ್ಕೂ ನಂಜಮ್ಮ ಬೆರಳು ಚಾಚಿ ಊರು ತೋರಿಸುತ್ತಿದ್ದರು. ಆ ತೋಟದ ಮನೆಯವರು ನಮ್ಮೊಂದಿಗೆ ಮಾತಾಡುವುದಿಲ್ಲ. ಆ ದೇವಸ್ಥಾನದ ಹಿಂದಿನವರನ್ನು ನಾವು ಮಾತಾಡಿಸುವುದಿಲ್ಲ. ಇಷ್ಟು ವರ್ಷ ಈ ರಸ್ತೆಯಲ್ಲಿ ಬಂಡೆ, ಹಿಪ್ಪುನೇರಳೆ, ತೆಂಗು ನೋಡಿಕೊಂಡು ಓಡಾಡಿದ ನನಗೆ, ಇದು ಒಂದು ದೊಡ್ಡ ಮುನಿಸಿನ ಸೀಮೆ ಎಂದು ಗೊತ್ತೇ ಇರಲಿಲ್ಲ. ಇವರು ಸ್ಟೀರಿಂಗ್ ಹಿಡಿದೇ, ಮುಂದಿನ ರಜಕ್ಕೆ ಸಂಗಮಕ್ಕೆ ಹೋಗೋಣವೇ ಎಂದು ಕೇಳಿದರು. ಅಕ್ಕತಂಗಿಯರು ಮುಖ ಮುಖ ನೋಡಿಕೊಂಡು, ಒಟ್ಟಿಗೇ ಮಾಗಡಿಯ ಪುಟ್ಟತಾಯಮ್ಮನ ಹೆಸರು ಹೇಳಿದರು. ಸೋದರಮಾವನ ಮಗಳಂತೆ. ಮಾತು ಬಿಟ್ಟು ಮೂವತ್ತು ವರ್ಷವಂತೆ.

ಅವರೊಂದಿಗೆ ಏನು ಜಗಳ ಎಂದು ನಾನು ಹಿಂದಿನಿಂದ ಕೇಳಿದೆ. ನಂಜಮ್ಮ ಯೋಚಿಸಿದರು. ಅತ್ತೆ ಯೋಚಿಸಿದರು. ಜೀಪು ಒಂದು ಏರು ಹತ್ತಿ ಇಳಿಯಿತು.

"ನಮಗೆ ಗ್ಯಾಪಕ ಇಲ್ಲ ಕಣವ್ವ," ಎಂದರು ಅತ್ತೆ. "ಅವಳ್ಗಾದ್ರೂ ಇದ್ದೀತು. ಹೋಗಿ ಕೇಳ್ಕೊಂಡು ಬರಾನ."