ತಿರುಮಕ್ಕನ ಸೀರೆ

ಬದುಕಿರುವ ಹೆಂಗಸಿಗೆ ಸೀರೆ ಆರಿಸಿ ಬೈಸಿಕೊಳ್ಳದ ಗಂಡಸು ಲೋಕದಲ್ಲಿದ್ದಾನೋ ಇಲ್ಲವೋ ಅರಿಯೆ; ಸತ್ತ ಹೆಂಗಸಿಗೆ ಆರಿಸಿ ಬೈಸಿಕೊಂಡ ಭಾಗ್ಯವಂತೂ ನನ್ನದು. ಕಂಬಂ ಕಣಿವೆಯ ನಮ್ಮ ಕನ್ನಡ ಮನೆಯಲ್ಲಿ ಅಕಾಲದಲ್ಲಿ ತೀರಿಕೊಂಡ ಹೆಣ್ಣುಮಗಳೇ ಮನೆದೇವತೆ. ವರ್ಷಕ್ಕೊಮ್ಮೆ ಅವಳ ಹೆಸರಿನಲ್ಲಿ ಹೊಸ ಸೀರೆಯನ್ನು ಓಲೆಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತೇವೆ. ಹಿಂದಿನ ವರ್ಷದ್ದನ್ನು ಮನೆಯ ಹಿರಿಯ ಹೆಣ್ಣು ಉಡುತ್ತಾಳೆ. ನಮ್ಮ ದೇವತೆ ತಿರುಮಕ್ಕ, ಮುತ್ತಜ್ಜನ ಅಕ್ಕ. ಹರೆಯದಲ್ಲೇ ಹೋದವಳಿಗೆ ಕೆಂಪೇ ಆಗಬೇಕು. ಒಮ್ಮೆ ನಾನು ನನ್ನ ರಸಿಕತೆಯನ್ನು ನೆಚ್ಚಿ ಬೂದುಬಣ್ಣದ್ದನ್ನು ತಂದು, ವಾರವಿಡೀ ಅನ್ನದ ಜೊತೆಗೆ ಉಪದೇಶವನ್ನೂ ಉಂಡೆ.

ಉಪದೇಶ ಬಡಿಸಿದವಳು ಎಂಬತ್ತರ ಹತ್ತಿರದ ನನ್ನ ಸೋದರತ್ತೆ. ಅವಳಿಗೂ ತಿರುಮಕ್ಕನೆಂದೇ ಹೆಸರಿಟ್ಟಿದ್ದರು, ಹೆಸರಿನ ಜೊತೆಗೆ ಭಯವನ್ನೂ. ಮನೆಯ ಹಳೆಯ ಓಲೆಗರಿಯಲ್ಲಿ ದೇವತೆಯ ಚರಿತ್ರೆ ಒಂದೇ ಸಾಲು: 'ತಿರುಮಕ್ಕ, ಪೆರಿಯಾರ್ ನೀರು ಬಂದ ವರ್ಷ, ಹೊಳೆಯ ಪಾಲು.' ಬೆಟ್ಟ ಕೊರೆದು ತಂದ ನೀರು ಕಣಿವೆಗೆ ಇಳಿದದ್ದು ಸಾವಿರದ ಎಂಟುನೂರ ತೊಂಬತ್ತರ ದಶಕದಲ್ಲಿ. ಗಂಡನ ಮನೆಯವರು ಬಂದು ಸುದ್ದಿ ಹೇಳಿದರು, ನಮ್ಮವರು ಅತ್ತು ಬರೆದುಕೊಂಡರು. ಆ ಹೆಸರು ಹೊತ್ತವಳನ್ನು ನೀರು ಮತ್ತೆ ಕೇಳೀತೆಂದು ಅತ್ತೆ ಜನ್ಮದಲ್ಲಿ ಹೊಳೆಗಿಳಿದವಳಲ್ಲ. ಈಚೆಗಂತೂ ಸ್ನಾನದ ಚೊಂಬಿಗೂ ನಡುಗತೊಡಗಿದ್ದಳು. ಕಥೆಯ ಬುಡ ಸಿಕ್ಕರೆ ಭಯ ಬಿಟ್ಟೀತೆಂಬ ಆಸೆಯಿಂದ, ಸಂಶೋಧಕನ ಠೀವಿಯಲ್ಲಿ, ಕನ್ನಡಕ ಮರೆತು, ನಂಟರ ಮನೆಗಳನ್ನು ಸುತ್ತಲು ಹೊರಟೆ.

ಕಣಿವೆಯಾಚೆ, ನಾಲ್ಕು ದಿನದ ಕಾಲ್ನಡಿಗೆಯಷ್ಟು ದೂರವಿರುವ ವೇದಸಂದೂರಿನ ನಂಟರು ನನ್ನ ಮುಂದಿಟ್ಟ ಹಳೆಯ ಕಾಗದವನ್ನು, ಹಾಗಾಗಿ, ಅವರೇ ಓದಬೇಕಾಯಿತು. ಅದು ನಮ್ಮ ಕಂಬಂ ಊರಿನ ದೇವರ ಮಂದೆಗೆ ಕರು ಒಪ್ಪಿಸಿದ ಪತ್ರ. ಯಾರೂ ಹಾಲು ಕರೆಯದ, ಯಾರೂ ಮಾರದ ಹರಕೆಯ ದನಗಳ ಮಂದೆ ಅದು. ಕೊಟ್ಟವಳು ತಿರುಮಕ್ಕ, ತಂದೆಯ ಹೆಸರು, ಮನೆತನದ ಹೆಸರು ಎರಡೂ ನಮ್ಮವೇ. 'ಪೆರಿಯಾರ್ ನೀರು ಬಂದ ವರ್ಷ ಹೊಡೆತ ತಾಳದೆ ನಡೆದು ಬಂದೆ. ಬಾಳಿದರೆ ಕರು ಕೊಡುವೆನೆಂದು ಹರಕೆ ಹೊತ್ತೆ. ಬಾಳಿದೆ, ಮೊಮ್ಮಕ್ಕಳನ್ನೂ ಕಂಡೆ.' ಕೆಳಗೆ ಹೆಬ್ಬೆಟ್ಟು.

ನನಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು. ಅವಳು ಆ ಊರಲ್ಲಿ ಮರುಮದುವೆಯಾಗಿ, ಎಲೆಯಡಿಕೆ ಕುಟ್ಟಿಕೊಂಡು ಮುದುಕಿಯಾಗುತ್ತಿದ್ದಾಗ ನಾವಿಲ್ಲಿ ಅವಳಿಗೆ ಕರ್ಪೂರ ಹಚ್ಚುತ್ತಿದ್ದೆವು! ತವರಿಗೇಕೆ ಹೇಳಿಕಳಿಸಲಿಲ್ಲವೆಂದು ನಂಟರನ್ನು ಕೇಳಿದೆ. ಅದಕ್ಕೂ ಮೊದಲು ಎರಡು ಸಲ ಓಡಿಬಂದವಳನ್ನು ತವರೇ ಹಿಂದಕ್ಕೆ ಅಟ್ಟಿತ್ತಂತೆ. ನನ್ನ ತಲೆ ತಗ್ಗಿತು. ಆ ಮಂದೆ ದಿನಾ ಬೆಳಿಗ್ಗೆ ಹಾದುಹೋಗುವುದು ನಮ್ಮ ಬಾಗಿಲ ಮುಂದೆಯೇ. ಅವಳ ಕರುವೂ ಹೋಗಿರಬೇಕು, ನಮ್ಮವರು ನೋಡಿಯೂ ಇರಬೇಕು.

ಸುದ್ದಿ ಕೇಳಿದ ಅತ್ತೆ ಕನ್ನಡಕ್ಕೆ ತಮಿಳು ಬೆರೆಸಿ ಸಿಡಿದಳು. "ಅಡಿ ಪಾವಿ! ಪೇರನ್ ಪೇತ್ತಿ, ಮೊಮ್ಮಕ್ಳು ಎಲ್ಲಾ ನೋಡ್ಬುಟ್ಟು ಸತ್ತವ್ಳಾ? ನಾ ಇಷ್ಟ್ ಕಾಲ ಸುಮ್ನೆ ಹೆದರ್ಕಂಡ್ ಕೂತಿದ್ನಲ್ಲಡಾ!" ಬೈಗುಳದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಂದೂ ಕೇಳಿರಲಿಲ್ಲ.

ದೇವತೆಯ ಪದವಿಯಿಂದ ಅವಳನ್ನು ನಾವು ಇಳಿಸಲಿಲ್ಲ. ಆದರೆ ಈ ವರ್ಷ ಅತ್ತೆಯ ಅಪ್ಪಣೆಯೇ ಬೇರೆ: "ಮುದುಕಿಗ್ ಕೆಂಪ್ಯಾಕಡಾ? ಮೆತ್ತಗಿರೋ ನೂಲ್ ಸೀರೆ ತಗಂಬಾ." ನನ್ನ ಬೂದುಬಣ್ಣಕ್ಕೆ ಕೊನೆಗೂ ಪೆಟ್ಟಿಗೆಯಲ್ಲಿ ಜಾಗ ಸಿಕ್ಕಿತು.

ಪೂಜೆ ಮುಗಿದ ಮೇಲೆ ಅತ್ತೆ ಹೋದ ವರ್ಷದ ಕೆಂಪು ಸೀರೆಯುಟ್ಟು ಹೊಳೆಗೆ ಹೊರಟಳು. ನೀರು ಮೊಣಕಾಲಿಗೆ ಬಂದಾಗ ನಾನು ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಕೈ ಬಿಡಡಾ," ಎಂದಳು. "ಅವ್ಳು ಅಷ್ಟ್ ದೂರ ಒಬ್ಳೇ ನಡೆದ್ಲು. ನಾ ಇಲ್ಲಿ ನಿಲ್ಲಕ್ಕಾಗಲ್ವಾ?"